ಎಂಟನೇ ತರಗತಿಗೆ ಹೇಳಿದ ಒಂದು ಜೀವನ: ರಾಬರ್ಟ್ ಇ. ಹೊವಾರ್ಡ್

ಬೋಧನಾಭ್ಯಾಸದ ನಾಲ್ಕನೇ ವಾರ. ಎಂಟನೇ ತರಗತಿಗೆ ಘರ್ಷಣೆಯ ಪಾಠ ಮುಗಿಸಿ ಹೊರಡುವಷ್ಟರಲ್ಲಿ, ಕನ್ನಡ ಶಿಕ್ಷಕರು ರಜೆಯಲ್ಲಿದ್ದಾರೆ, ಮುಂದಿನ ಅವಧಿಯನ್ನೂ ನೀವೇ ನೋಡಿಕೊಳ್ಳಿ ಎಂದು ಮುಖ್ಯ ಶಿಕ್ಷಕರು ಹೇಳಿ ಕಳಿಸಿದರು. ಕೈಯಲ್ಲಿ ಪಾಠ ಯೋಜನೆ ಇರಲಿಲ್ಲ. ಕೊನೆಯ ಬೆಂಚಿನ ಹುಡುಗನೊಬ್ಬ ವಿಜ್ಞಾನದ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಕತ್ತಿ ಹಿಡಿದ ವೀರನನ್ನೂ ಅವನೆದುರು ಹೆಡೆಯೆತ್ತಿದ ದೈತ್ಯ ಸರ್ಪವನ್ನೂ ಬಿಡಿಸಿದ್ದ. ಮೊಬೈಲ್ ಆಟದಲ್ಲಿ ನೋಡಿದ್ದಂತೆ. ಇಂಥ ಕಥೆಯನ್ನು ಮೊದಲು ಕಟ್ಟಿದವರು ಯಾರು ಎಂದು ಕೇಳಿದ. ಡಿಗ್ರಿ ಓದುವಾಗ ಕೋನನ್ ಕಥೆಗಳ ಹುಚ್ಚು ಹಿಡಿಸಿಕೊಂಡಿದ್ದವನು ನಾನು. ಪುಸ್ತಕವಿಲ್ಲದೆ, ನೆನಪಿನಿಂದಲೇ ಹೇಳತೊಡಗಿದೆ.

ರಾಬರ್ಟ್ ಹುಟ್ಟಿದ್ದು 1906ರ ಜನವರಿ 22ರಂದು, ಅಮೆರಿಕದ ಟೆಕ್ಸಾಸ್ ರಾಜ್ಯದ ಪೀಸ್ಟರ್ ಎಂಬ ಸಣ್ಣ ಊರಿನಲ್ಲಿ. ತಂದೆ ಐಸಾಕ್ ಹಳ್ಳಿ ವೈದ್ಯರು. ಒಂದೂರಿನಲ್ಲಿ ನೆಲೆ ನಿಲ್ಲದೆ ಸಂಸಾರವನ್ನು ಕಟ್ಟಿಕೊಂಡು ಅಲೆದವರು. ತಾಯಿ ಹೆಸ್ಟರ್ ಕ್ಷಯರೋಗಿ. ಮಗನಿಗೆ ಕವಿತೆಯ ರುಚಿ ಹತ್ತಿಸಿದವರು ಅವರೇ. 1919ರಲ್ಲಿ ಕುಟುಂಬ ಕ್ರಾಸ್ ಪ್ಲೇನ್ಸ್ ಎಂಬ ಊರಿಗೆ ಬಂದು ನೆಲೆಸಿತು. ಆ ಸೀಮೆಯಲ್ಲಿ ತೈಲ ಸಿಕ್ಕಿತು. ಶಾಂತವಾಗಿದ್ದ ಊರಿಗೆ ಹಣ, ಹೊರಗಿನ ಜನ, ಜೂಜು, ಹೊಡೆದಾಟ ಎಲ್ಲವೂ ಒಟ್ಟಿಗೆ ನುಗ್ಗಿದವು. ನಾಗರಿಕತೆ ಎಂಬುದು ಮೇಲಿನ ತೆಳು ಪದರ, ಅದು ಕಿತ್ತುಹೋಗಲು ಹೆಚ್ಚು ಹೊತ್ತು ಬೇಡ ಎಂಬ ನಂಬಿಕೆ ಹುಡುಗನಲ್ಲಿ ಬೇರೂರಿತು. ಮುಂದೆ ಅವರ ಕಥೆಗಳಲ್ಲೆಲ್ಲ ಇದೇ ಕಾಣುತ್ತದೆ.

ಊರಿನ ಶಾಲೆಯಲ್ಲಿ ಕೊನೆಯ ತರಗತಿ ಇರಲಿಲ್ಲ. ಅದಕ್ಕಾಗಿ ಬ್ರೌನ್‌ವುಡ್‌ಗೆ ಹೋಗಿ ಓದಿದರು. ಅವರ ಕಥೆಗಳು ಮೊದಲು ಅಚ್ಚಾದದ್ದು ಆ ಶಾಲೆಯ ಪತ್ರಿಕೆಯಲ್ಲಿ. ಶಾಲಾ ಪತ್ರಿಕೆಯನ್ನು ಕಾಟಾಚಾರಕ್ಕೆ ತರುವ ನಮಗೆ ಇದು ನೆನಪಿರಬೇಕು. 1924ರಲ್ಲಿ, 18ನೇ ವಯಸ್ಸಿನಲ್ಲಿ, ವಿಯರ್ಡ್ ಟೇಲ್ಸ್ ಎಂಬ ಅಗ್ಗದ ಕಾಗದದ ಮಾಸಪತ್ರಿಕೆಗೆ ಒಂದು ಕಥೆ ಮಾರಿದರು. ಸಿಕ್ಕಿದ್ದು 16 ಡಾಲರ್. ಪದಕ್ಕೆ ಅರ್ಧ ಸೆಂಟಿನ ಲೆಕ್ಕ. ಹೊಟ್ಟೆಪಾಡಿಗೆ ಶೀಘ್ರಲಿಪಿಕಾರನಾಗಿ, ಸೋಡಾ ಅಂಗಡಿಯ ಕೆಲಸಗಾರನಾಗಿ ದುಡಿದರು. ಲೆಕ್ಕಪತ್ರದ ಕೋರ್ಸನ್ನೂ ಮುಗಿಸಿದರು. ರಾತ್ರಿ ಬೆರಳಚ್ಚು ಯಂತ್ರದ ಮುಂದೆ ಕೂತು, ಕಥೆಯನ್ನು ಜೋರಾಗಿ ಹೇಳಿಕೊಳ್ಳುತ್ತಲೇ ಬರೆಯುತ್ತಿದ್ದರು.

1929ರ ಆಗಸ್ಟ್‌ನಲ್ಲಿ ಕುಲ್ ಎಂಬ ರಾಜನ ಕಥೆ ಬಂತು. ಮನುಷ್ಯರ ಮುಖ ಧರಿಸಿ ಅರಮನೆಯೊಳಗೆ ಸೇರಿಕೊಂಡ ಸರ್ಪಜನರನ್ನು ಅವನು ಎದುರಿಸಬೇಕು. ಕತ್ತಿ ಮತ್ತು ಮಾಟದ ಕಥೆಗಳಲ್ಲಿ ಇದೇ ಮೊದಲನೆಯದು ಎನ್ನುವವರು ಬಹಳ ಮಂದಿ. ಕುಲ್‌ನ ಮತ್ತೊಂದು ಕಥೆ ಎಲ್ಲೂ ಮಾರಾಟವಾಗಲಿಲ್ಲ. ಹೊವಾರ್ಡ್ ಅದನ್ನು ಎಸೆಯದೆ ತಿದ್ದಿ ಬರೆದರು, ನಾಯಕನನ್ನೇ ಬದಲಿಸಿದರು. 1932ರ ಡಿಸೆಂಬರ್‌ನಲ್ಲಿ ಅದು ಪ್ರಕಟವಾದಾಗ ಕೋನನ್ ಹುಟ್ಟಿದ್ದ. ಈ ಬಗೆಯ ಕಥೆಗಳಿಗೆ ಇಂದಿನ ಹೆಸರು ಕೊಟ್ಟವರು ಫ್ರಿಟ್ಜ್ ಲೀಬರ್ ಎಂಬ ಇನ್ನೊಬ್ಬ ಲೇಖಕರು, 1961ರಲ್ಲಿ. ಅದನ್ನು ಕೇಳಲು ಹೊವಾರ್ಡ್ ಇರಲಿಲ್ಲ.

ಈ ಕಥೆಗಳ ಸೆಳೆತ ಎಲ್ಲಿದೆ ಎಂದು ಮಕ್ಕಳನ್ನೇ ಕೇಳಿದೆ. ವಿಕ್ರಮ ಬೇತಾಳದ ಕಥೆ ಅವರಿಗೆ ಗೊತ್ತಿತ್ತು. ಅಲ್ಲಿ ರಾಜನ ಕೈಯಲ್ಲಿ ಕತ್ತಿ ಇದ್ದರೂ ಕೆಲಸಕ್ಕೆ ಬರುವುದು ಅವನ ಉತ್ತರ. ಕೋನನ್‌ಗೆ ದೇವರ ವರವಿಲ್ಲ, ದೊಡ್ಡ ವಂಶವಿಲ್ಲ, ಕಳ್ಳನಾಗಿದ್ದು ರಾಜನಾದವನು. ಮಾಟ ಹೆಚ್ಚಾಗಿ ಎದುರಾಳಿಯ ಕೈಯಲ್ಲೇ ಇರುತ್ತದೆ, ಅವನಿಗೂ ಅದನ್ನು ಕಂಡರೆ ಹೆದರಿಕೆ. ಲೋಕವನ್ನು ಉಳಿಸುವ ಹೊಣೆಯೂ ಅವನದಲ್ಲ; ಆ ರಾತ್ರಿ ದಾಟಿದರೆ ಸಾಕು. ಹೆದರಿಕೆಗೆ ಒಂದು ಆಕಾರ ಸಿಕ್ಕಿಬಿಡುತ್ತದೆ, ಅದರ ಮುಂದೆ ನಿಲ್ಲಬಹುದು. ಚಿತ್ರ ಬಿಡಿಸಿದ ಹುಡುಗ ಇದನ್ನೇ ತನ್ನ ಮಾತಿನಲ್ಲಿ ಹೇಳಿದ. ಕಪ್ಪು ಜನರನ್ನು ಹೊವಾರ್ಡ್ ಹಲವೆಡೆ ಕೀಳಾಗಿ ಚಿತ್ರಿಸಿದ್ದಾರೆ, ಅದು ತಪ್ಪು ಎಂಬುದನ್ನೂ ಮಕ್ಕಳಿಗೆ ಹೇಳಿದೆ.

1934ರಲ್ಲಿ ಕ್ರಾಸ್ ಪ್ಲೇನ್ಸ್ ಶಾಲೆಗೆ ನೋವಲಿನ್ ಪ್ರೈಸ್ ಎಂಬ ಯುವ ಶಿಕ್ಷಕಿ ಬಂದರು. ಅವರಿಗೂ ಲೇಖಕಿಯಾಗುವ ಆಸೆ. ಇಬ್ಬರಲ್ಲೂ ಸ್ನೇಹ ಬೆಳೆಯಿತು, ಜಗಳವೂ ನಡೆಯಿತು. ಆಕೆ ದಿನಚರಿಯಲ್ಲಿ ಬರೆದಿಟ್ಟದ್ದರಿಂದಲೇ 1986ರಲ್ಲಿ ಒಂದು ಪುಸ್ತಕವಾಯಿತು. ಹೊವಾರ್ಡ್ ಹೇಗೆ ಮಾತಾಡುತ್ತಿದ್ದರು, ಹೇಗೆ ಸಿಟ್ಟಾಗುತ್ತಿದ್ದರು ಎಂಬುದು ನಮಗೆ ತಿಳಿದಿರುವುದು ಬಹುಪಾಲು ಅದರಿಂದ. ಅಷ್ಟರಲ್ಲಿ ತಾಯಿಯ ಕಾಯಿಲೆ ಉಲ್ಬಣಿಸಿತ್ತು. ರಾತ್ರಿಯೆಲ್ಲ ಆರೈಕೆ, ಆಸ್ಪತ್ರೆಯ ಖರ್ಚು. 1935ರಲ್ಲಿ ವಿಯರ್ಡ್ ಟೇಲ್ಸ್ ಅವರಿಗೆ ಕೊಡಬೇಕಾಗಿದ್ದ ಬಾಕಿ 800 ಡಾಲರ್ ದಾಟಿತ್ತು.

ಹೊವಾರ್ಡ್ 1936ರ ಜೂನ್ 11ರಂದು, 30ನೇ ವಯಸ್ಸಿನಲ್ಲಿ ತೀರಿಕೊಂಡರು ಎಂದೆ. ಏನಾಗಿತ್ತು ಸರ್ ಎಂದು ಮುಂದಿನ ಬೆಂಚಿನ ಹುಡುಗಿ ಕೇಳಿದಳು. ಕಾಯಿಲೆ ಎಂದುಬಿಟ್ಟೆ. ಗಂಟೆ ಬಾರಿಸಿತು.

ಅಂದು ಸಂಜೆ ದಿನಚರಿಯಲ್ಲಿ ಆ ಸುಳ್ಳನ್ನು ಬರೆದೆ. ನಮ್ಮ ಮಾರ್ಗದರ್ಶಕ ಉಪನ್ಯಾಸಕರು ಅದನ್ನು ಓದಿ ಬೈಯಲಿಲ್ಲ. ಆ ಸುಳ್ಳು ಮಕ್ಕಳ ಸಲುವಾಗಿಯೋ ನಿಮ್ಮ ಸಲುವಾಗಿಯೋ ಎಂದು ಮಾತ್ರ ಕೇಳಿದರು. ನನ್ನ ಸಲುವಾಗಿಯೇ. ಕತ್ತಿಗೆ ಸಿಗದ ಸಂಕಟವೂ ಇರುತ್ತದೆ ಎಂದು ಹದಿಮೂರರ ಮಕ್ಕಳ ಮುಂದೆ ಹೇಳುವ ಧೈರ್ಯ ನನಗಿರಲಿಲ್ಲ.

ತರಗತಿ ಶಿಕ್ಷಕರ ಒಪ್ಪಿಗೆ ಪಡೆದು, ಎರಡು ದಿನ ಬಿಟ್ಟು ನಿಜ ಹೇಳಿದೆ. ಹೊವಾರ್ಡ್ ಬಹಳ ಕಾಲದಿಂದ ಮನಸ್ಸಿನ ನೋವಿನಲ್ಲಿದ್ದರು. ತಾಯಿಗೆ ಇನ್ನು ಎಚ್ಚರವಾಗುವುದಿಲ್ಲ ಎಂದು ತಿಳಿದ ಬೆಳಿಗ್ಗೆ ತಮ್ಮ ಜೀವವನ್ನು ತಾವೇ ತೆಗೆದುಕೊಂಡರು. ಮರುದಿನ ತಾಯಿಯೂ ಹೋದರು. ಇಬ್ಬರನ್ನೂ ಬ್ರೌನ್‌ವುಡ್‌ನಲ್ಲಿ ಮಣ್ಣು ಮಾಡಿದರು. ಇದು ವೀರತನವೂ ಅಲ್ಲ, ನಾಚಿಕೆಪಡುವ ವಿಷಯವೂ ಅಲ್ಲ, ಸಹಾಯ ಸಿಗಬೇಕಿದ್ದ ಒಂದು ನೋವು ಎಂದೆ. ಅಂಥ ಹೊತ್ತಿನಲ್ಲಿ ನಂಬಿಕೆಯ ದೊಡ್ಡವರೊಬ್ಬರಿಗೆ ಹೇಳಲೇಬೇಕು ಎಂದು ಹೇಳಿ, ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಫಲಕದ ಮೂಲೆಯಲ್ಲಿ ಬರೆದೆ.

ತರಗತಿ ಸುಮ್ಮನಿತ್ತು. ಕೊನೆಗೆ ಆ ಹುಡುಗ, ಅವರ ಮನೆ ಈಗಲೂ ಇದೆಯೇ ಎಂದು ಕೇಳಿದ. ಇದೆ, ಕ್ರಾಸ್ ಪ್ಲೇನ್ಸ್‌ನಲ್ಲಿ ಈಗ ಅದೊಂದು ವಸ್ತುಸಂಗ್ರಹಾಲಯ ಎಂದೆ.

ಅಂದಿನಿಂದ, ಯಾವ ವಿಜ್ಞಾನಿಯ ಜೀವನ ಹೇಳುವುದಿದ್ದರೂ ಪಾಠ ಯೋಜನೆಯಲ್ಲಿ ಒಂದು ಸಾಲು ಹೆಚ್ಚಾಗಿ ಬರೆದುಕೊಳ್ಳುತ್ತೇನೆ: ಅವರು ಹೇಗೆ ತೀರಿಕೊಂಡರು ಎಂದು ಮಕ್ಕಳು ಕೇಳಿದರೆ ನಾನು ಏನು ಹೇಳಬೇಕು.