ರೈತರ ಹಿತೈಷಿ ಡಾ. ಕೋಲ್ಮನ್

ನೀವು ಬೆಂಗಳೂರಿನಿಂದ ಬಳ್ಳಾರಿ ರಸ್ತೆಯಲ್ಲಿ ಪ್ರಯಾಣಿಸಿದ್ದರೆ ಹೆಬ್ಬಾಳವನ್ನು ದಾಟಿಯೇ ಹೋಗಿರುತ್ತೀರಿ. ಇಂದು ಮೇಲ್ಸೇತುವೆ ಮತ್ತು ವಾಹನಗಳ ಸಾಲಿನಿಂದ ಪರಿಚಿತವಾಗಿರುವ ಈ ಸ್ಥಳದಲ್ಲೇ ಮೈಸೂರು ಸಂಸ್ಥಾನದ ಕೃಷಿ ಸಂಶೋಧನೆ ಆರಂಭವಾಯಿತು. 1899ರಲ್ಲಿ ರಾಜಪ್ರತಿನಿಧಿಯಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ಇಲ್ಲಿ 30 ಎಕರೆ ಜಮೀನನ್ನು ಕೃಷಿ ಪ್ರಯೋಗಗಳಿಗಾಗಿ ನೀಡಿದರು. ಡಾ. ಲೇಮನ್ ಎಂಬ ರಸಾಯನ ತಜ್ಞರು ಮಣ್ಣಿನ ಪೋಷಕಾಂಶಗಳಿಗೆ ಬೆಳೆಗಳು ಹೇಗೆ ಸ್ಪಂದಿಸುತ್ತವೆ ಎಂಬುದನ್ನು ಪರೀಕ್ಷಿಸತೊಡಗಿದರು.

ಅವರ ಬಳಿಕ ಬಂದವರೇ ಡಾ. ಲೆಸ್ಲಿ ಕೋಲ್ಮನ್. 1878ರಲ್ಲಿ ಕೆನಡಾದ ಒಂಟಾರಿಯೊದಲ್ಲಿ ಹುಟ್ಟಿದ ಅವರು, ಮಣ್ಣಿನಲ್ಲಿ ಸಾರಜನಕವು ನೈಟ್ರೇಟ್ ಆಗಿ ಮಾರ್ಪಡುವ ಬಗೆಯನ್ನು ಅಭ್ಯಸಿಸಿ ಜರ್ಮನಿಯ ಗಾಟಿಂಗೆನ್‌ನಲ್ಲಿ ಡಾಕ್ಟರೇಟ್ ಪಡೆದವರು. 1908ರಲ್ಲಿ, ತಮ್ಮ 30ನೆಯ ವಯಸ್ಸಿನಲ್ಲಿ, ಸಸ್ಯರೋಗ ಮತ್ತು ಕೀಟಗಳ ತಜ್ಞರಾಗಿ ಮೈಸೂರು ಸರಕಾರದ ಸೇವೆಗೆ ಸೇರಿದರು.

ಆಗ ಮಲೆನಾಡಿನ ಅಡಿಕೆ ಬೆಳೆಗಾರರ ಮನೆಗಳಲ್ಲಿ ಮಳೆಗಾಲವೆಂದರೆ ಭಯ. ಕೊಳೆರೋಗ ಬಂತೆಂದರೆ ಎಳೆಯ ಕಾಯಿಗಳು ಕೊಳೆತು ಮರದ ಬುಡದಲ್ಲಿ ರಾಶಿ ಬೀಳುತ್ತಿದ್ದವು. ಇಡೀ ವರ್ಷದ ಅನ್ನ, ಮಕ್ಕಳ ಬಟ್ಟೆ, ಮದುವೆಯ ಖರ್ಚು ಎಲ್ಲವೂ ಅದರ ಜೊತೆ ಮಣ್ಣು ಪಾಲಾಗುತ್ತಿತ್ತು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುವುದೇ ಹಿರಿಯರಿಗೆ ಗೊತ್ತಿದ್ದ ಉಪಾಯ. ಕೋಲ್ಮನ್ ಈ ರೋಗವನ್ನು ಅಭ್ಯಸಿಸಿ, ಅದಕ್ಕೆ ಫೈಟಾಫ್ತೊರ ಜಾತಿಯ ಸೂಕ್ಷ್ಮಜೀವಿ ಕಾರಣವೆಂದು 1910ರಲ್ಲಿ ತಮ್ಮ ವರದಿಯನ್ನು ಪ್ರಕಟಿಸಿದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಳಕೆಗೆ ಬಂದಿದ್ದ ಬೋರ್ಡೋ ದ್ರಾವಣವನ್ನು ಅಡಿಕೆಗೆ ಸಿಂಪಡಿಸುವ ದಾರಿ ತೋರಿಸಿದರು.

ನಿಮ್ಮ ಮನೆಯಲ್ಲಿ ಅಡಿಕೆ ತೋಟವಿದ್ದರೆ ಇದರ ಲೆಕ್ಕ ನಿಮಗೆ ಗೊತ್ತು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು. ಆದರೆ ತಕ್ಕಡಿ ಸರಿಯಾಗಿ ತೂಗಿದ ಮಾತ್ರಕ್ಕೆ ದ್ರಾವಣ ಸರಿಯಾಯಿತೇ? ಇಲ್ಲ. ಮೈಲುತುತ್ತದಲ್ಲಿ ತಾಮ್ರದ ಬದಲು ಅಗ್ಗದ ಕಬ್ಬಿಣದ ಲವಣ ಬೆರೆತಿರಬಹುದು. ಸುಣ್ಣ ಹಳತಾಗಿ, ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡನ್ನು ಹೀರಿ ಸತ್ವ ಕಳೆದುಕೊಂಡಿರಬಹುದು. ನೋಡಲು ಎರಡೂ ಬೆಳ್ಳಗೆ, ತೂಕವೂ ಒಂದೇ. ಆದರೆ ಸತ್ತ ಸುಣ್ಣಕ್ಕೆ ಮೈಲುತುತ್ತದ ಹುಳಿಯನ್ನು ಮುರಿಯುವ ಶಕ್ತಿ ಇರುವುದಿಲ್ಲ. ಅಂಥ ದ್ರಾವಣ ಎಲೆಯನ್ನೂ ಎಳೆ ಕಾಯಿಯನ್ನೂ ಸುಡುತ್ತದೆ.

ಇದನ್ನು ಪತ್ತೆ ಹಚ್ಚಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ. ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚೂರಿಯನ್ನು ಸ್ವಲ್ಪ ಹೊತ್ತು ದ್ರಾವಣದಲ್ಲಿ ಅದ್ದಿ ತೆಗೆಯಿರಿ. ಅಲಗಿನ ಮೇಲೆ ಕೆಂಪು ಬಣ್ಣ ಕಂಡರೆ ಬಿಡಿಯಾಗಿ ಉಳಿದ ತಾಮ್ರ ಕಬ್ಬಿಣಕ್ಕೆ ಅಂಟಿಕೊಂಡಿದೆ ಎಂದರ್ಥ. ಅಲಗು ಶುಭ್ರವಾಗಿ ಬರುವವರೆಗೆ ಸುಣ್ಣದ ತಿಳಿ ಸೇರಿಸಬೇಕು. ಇದೇ ಕಾರಣಕ್ಕೆ ಈ ದ್ರಾವಣವನ್ನು ಕಬ್ಬಿಣದ ಪಾತ್ರೆಯಲ್ಲಿ ತಯಾರಿಸಬಾರದು. ಮಾಡಿದ ದಿನವೇ ಬಳಸಬೇಕು.

ಕೋಲ್ಮನ್ 1913ರಲ್ಲಿ ಕೃಷಿ ಇಲಾಖೆಯ ನಿರ್ದೇಶಕರಾದರು. ಅದೇ ವರ್ಷ ಹೆಬ್ಬಾಳದಲ್ಲಿ ಕೃಷಿ ಶಾಲೆ ತೆರೆಯಿತು. 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ಅವರ ಪ್ರಯತ್ನದಿಂದ ರೂಪುಗೊಂಡಿತು. ಕಾಲು ಶತಮಾನದಷ್ಟು ಕಾಲ ಈ ನಾಡಿಗೆ ದುಡಿದ ಅವರು 1954ರಲ್ಲಿ ನಿಧನರಾದರು. ಹೆಬ್ಬಾಳದಲ್ಲಿ 1946ರಲ್ಲಿ ಕೃಷಿ ಕಾಲೇಜೂ 1964ರಲ್ಲಿ ಕೃಷಿ ವಿಶ್ವವಿದ್ಯಾಲಯವೂ ಬಂದವು.

ದೂರದ ದೇಶದಿಂದ ಬಂದ ಒಬ್ಬ ವ್ಯಕ್ತಿ ತನ್ನ ವಿದ್ಯೆಯನ್ನು ಪದವಿಗಾಗಿ ಮಾತ್ರ ಇಟ್ಟುಕೊಳ್ಳದೆ, ಮಳೆಯಲ್ಲಿ ನೆನೆಯುವ ರೈತನ ಅಂಗಳದವರೆಗೆ ತಲುಪಿಸಿದರು. ಅಳತೆಯಲ್ಲೂ ತೂಕದಲ್ಲೂ ಮೋಸ ಮಾಡಬಾರದೆಂದು ನಾವು ನಮ್ಮ ಮಕ್ಕಳಿಗೆ ಕಲಿಸುತ್ತೇವೆ. ಅದರ ಜೊತೆಗೆ ಇದನ್ನೂ ಕಲಿಸೋಣ: ತೂಕ ಸರಿಯಿದ್ದರೆ ಸಾಲದು, ತೂಗಿಕೊಟ್ಟ ವಸ್ತುವೂ ಶುದ್ಧವಾಗಿರಬೇಕು. ಕಲಬೆರಕೆಯ ಒಂದು ಪೊಟ್ಟಣವನ್ನು ಮಾರಿದವನಿಗೆ ಸಿಗುವುದು ನಾಲ್ಕು ಕಾಸು. ಕಳೆದುಹೋಗುವುದು ಒಂದು ಕುಟುಂಬದ ಇಡೀ ವರ್ಷದ ದುಡಿಮೆ. ನೀವು ಅಂಗಡಿಯಲ್ಲಿ ಕೂತವರಾಗಿರಲಿ, ತೋಟದಲ್ಲಿ ದುಡಿಯುವವರಾಗಿರಲಿ, ಚೂರಿಯ ಅಲಗು ನೀಡುವ ಆ ಸಾಕ್ಷ್ಯವನ್ನು ಮರೆಯದಿರಿ.