ರಜೆಗೆ ಬಂದು ಬೆಂಗಳೂರಿಗೆ ಸಿಕ್ಕ ಹೋಮಿ ಭಾಭಾ

ಬೈರಮಂಗಲ: ಕೆರೆ ಏರಿ ಮೇಲೆ ನಿಂತು ಅಂಗೈ ಚಾಚಿದರೆ ನಿಮಿಷಕ್ಕೆ ಹೆಚ್ಚುಕಡಿಮೆ ನೂರು ಕಣಗಳು ಅದನ್ನು ತೂರಿಕೊಂಡು ಹೋಗುತ್ತವೆ. ಕಣ್ಣಿಗೆ ಕಾಣಲ್ಲ, ಮೈಗೆ ತಿಳಿಯಲ್ಲ. ಬಾಹ್ಯಾಕಾಶದಿಂದ ಬರುವ ಪ್ರೋಟಾನ್‌ಗಳು ಮೇಲಿನ ಗಾಳಿಗೆ ಬಡಿದಾಗ ಹುಟ್ಟುವ ಮ್ಯೂಆನ್‌ಗಳಿವು. ಇವುಗಳ ಆಯಸ್ಸು ಸೆಕೆಂಡಿನ 10 ಲಕ್ಷ ಭಾಗದಲ್ಲಿ ಎರಡು ಭಾಗ, ಅಷ್ಟೇ. ಆ ಲೆಕ್ಕಕ್ಕೆ ಒಂದು ಕಿ.ಮೀ. ಇಳಿಯೋದರೊಳಗೆ ಅಳಿಯಬೇಕು. ಆದರೂ ಹತ್ತಾರು ಕಿ.ಮೀ. ದಾಟಿ ನೆಲ ಮುಟ್ಟುತ್ತವೆ. ಅತಿ ವೇಗದಲ್ಲಿ ಓಡುವ ಇಂಥ ಕಣದ ಆಯಸ್ಸು ನೆಲದ ಗಡಿಯಾರದ ಲೆಕ್ಕದಲ್ಲಿ ಹಿಗ್ಗುತ್ತದೆ ಎಂದು 1938ರಲ್ಲೇ ಹೇಳಿದವರು ಹೋಮಿ ಜಹಾಂಗೀರ್ ಭಾಭಾ.

ಭಾಭಾ ಅಂದರೆ ಅಣುಶಕ್ತಿ, ಅಣುಶಕ್ತಿ ಅಂದರೆ ಮುಂಬೈ ಅನ್ನೋದು ಜನರ ನೆನಪು. ಬೆಂಗಳೂರಿನ ಪಾಲು ಮರೆತೇ ಹೋಗಿದೆ. 1909ರ ಅಕ್ಟೋಬರ್ 30ರಂದು ಹುಟ್ಟಿದ್ದು ಮುಂಬೈನಲ್ಲೇ. ಆದರೆ ಅವರ ತಾತ ಹೊರ್ಮುಸ್ಜಿ ಭಾಭಾ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಇನ್ಸ್‌ಪೆಕ್ಟರ್ ಜನರಲ್, ತಂದೆ ಬೆಳೆದದ್ದು ಬೆಂಗಳೂರಿನಲ್ಲಿ. ಮಗ ಎಂಜಿನಿಯರಿಂಗ್ ಓದಿ ಟಾಟಾ ಉಕ್ಕಿನ ಕಾರ್ಖಾನೆ ಸೇರಲಿ ಎಂದು ಮನೆಯವರು ಕೇಂಬ್ರಿಡ್ಜ್‌ಗೆ ಕಳಿಸಿದರು. ಎಂಜಿನಿಯರಿಂಗ್ ಮುಗಿಸಿಯೇನೋ ಕೊಟ್ಟರು, ಮನಸ್ಸು ಮಾತ್ರ ಭೌತಶಾಸ್ತ್ರದಲ್ಲಿತ್ತು. ಎಲೆಕ್ಟ್ರಾನ್ ತನ್ನ ಪ್ರತಿಕಣ ಪಾಸಿಟ್ರಾನ್‌ಗೆ ಡಿಕ್ಕಿ ಹೊಡೆದರೆ ಏನಾಗುತ್ತದೆ ಎಂಬ ಅವರ ಲೆಕ್ಕ 1936ರಲ್ಲಿ ಪ್ರಕಟವಾಯಿತು. ಇವತ್ತಿಗೂ ಅದರ ಹೆಸರು ಭಾಭಾ ಚದುರಿಕೆ.

1939ರಲ್ಲಿ ರಜೆಗೆಂದು ಊರಿಗೆ ಬಂದರು. ಅಷ್ಟರಲ್ಲಿ ಎರಡನೇ ಮಹಾಯುದ್ಧ ಶುರುವಾಯಿತು, ವಾಪಸ್ ಹೋಗುವ ದಾರಿ ಮುಚ್ಚಿತು. ಸಿ.ವಿ. ರಾಮನ್ ಇದ್ದ ಟಾಟಾ ಇನ್‌ಸ್ಟಿಟ್ಯೂಟ್‌ಗೆ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದರು. ಬೇರೆ ಕಡೆಯಿಂದ ಪ್ರೊಫೆಸರ್ ಹುದ್ದೆಯ ಕರೆ ಬಂದರೂ ಹೋಗಲಿಲ್ಲ. ಅಮೆರಿಕದ ಸೇನಾ ವಿಮಾನಗಳಲ್ಲಿ ಉಪಕರಣ ಇಟ್ಟು ಸುಮಾರು 30 ಸಾವಿರ ಅಡಿ ಎತ್ತರದವರೆಗೆ ವಿಶ್ವಕಿರಣ ಅಳೆಸಿದರು. ಭೂಮಿಯ ಅಯಸ್ಕಾಂತ ಶಕ್ತಿ ಸಮಭಾಜಕದ ಹತ್ತಿರ ಕಡಿಮೆ ಶಕ್ತಿಯ ಕಣಗಳನ್ನು ತಡೆಯುತ್ತದೆ. ಹಾಗಾಗಿ ಬೆಂಗಳೂರಿನ ಅಳತೆಗೆ ಅದರದೇ ಬೆಲೆ.

1945ರ ಜೂನ್‌ನಲ್ಲಿ ಅವರು ಕಟ್ಟಿದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಆರಂಭವಾದದ್ದೂ ಬೆಂಗಳೂರಿನಲ್ಲೇ. ಆರೇ ತಿಂಗಳಿಗೆ ಮುಂಬೈಗೆ ಹೋಯಿತು. ಬೆಂಗಳೂರಿಗೆ ಅದು ನಷ್ಟವೇ.

1947ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಇದೇ ವಿಶ್ವಕಿರಣದೊಳಗೆ ಹೊಸ ಕಣಗಳು ಕಂಡವು. ಹುಟ್ಟೋದು ಥಟ್ಟನೆ, ಅಳಿಯೋದು ನಿಧಾನ. ಅದಕ್ಕೇ ವಿಚಿತ್ರ ಕಣ ಎಂಬ ಹೆಸರು ಬಂತು. ಭಾಭಾ ಸಂಸ್ಥೆಯವರೂ ಇವುಗಳ ಬೆನ್ನು ಹತ್ತಿದರು. ಆ್ಯಂಟಿಪ್ರೋಟಾನ್ ಸಿಕ್ಕಿದ್ದು 1955ರಲ್ಲಿ. ಆಮೇಲೆ ಅದನ್ನು ಪ್ರೋಟಾನ್‌ಗೆ ಗುದ್ದಿಸಿ ವಿಚಿತ್ರ ಕಣಗಳನ್ನು ಯಂತ್ರದಲ್ಲೇ ಹುಟ್ಟಿಸಿ ಎಣಿಸುವ ಕಾಲ ಬಂತು.

ಭಾಭಾ ಮಾತ್ರ ಮತ್ತೆ ಈ ಕಡೆಗೇ ತಿರುಗಿದ್ದರು. ನಂಜನಗೂಡಿನ ಬಿ.ವಿ. ಶ್ರೀಕಂಠನ್ ಅವರನ್ನು ಕೋಲಾರದ ಚಿನ್ನದ ಗಣಿಗೆ ಇಳಿಸಿ, ಆಳಕ್ಕೆ ಹೋದಂತೆ ಮ್ಯೂಆನ್ ಎಷ್ಟು ಉಳಿಯುತ್ತವೆ ಎಂದು ಎಣಿಸಲು ಹಚ್ಚಿದರು. ಅದೇ ಗಣಿಯಲ್ಲಿ, ಎರಡು ಕಿ.ಮೀ.ಗೂ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊ ಗುರುತು ಸಿಕ್ಕಿದ್ದು 1965ರಲ್ಲಿ. ಮರುವರ್ಷ ಜನವರಿ 24ರಂದು ವಿಯೆನ್ನಾಕ್ಕೆ ಹೊರಟಿದ್ದ ಭಾಭಾ, ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಪರ್ವತಕ್ಕೆ ಏರ್ ಇಂಡಿಯಾ ವಿಮಾನ ಅಪ್ಪಳಿಸಿ ತೀರಿಕೊಂಡರು. ಆಗ ಅವರಿಗೆ 56 ವರ್ಷ.