ಮತ ಶೇ 43, ಸ್ಥಾನ ಮೂರನೇ ಎರಡು: ಇಂದಿರಾ ಅಧಿಕಾರದ ಹಾದಿ

ಕೌದಳ್ಳಿ: ಕೊಳ್ಳೇಗಾಲದಿಂದ ಹನೂರು ಮಾರ್ಗವಾಗಿ ಮಲೆ ಮಹದೇಶ್ವರ ಬೆಟ್ಟಕ್ಕೆ ಸಾಗುವ ಹಾದಿಯಲ್ಲಿರುವ ಈ ಭಾಗವೂ ಸೇರಿದಂತೆ, ಅಂದಿನ ಮೈಸೂರು ರಾಜ್ಯದ ಎಲ್ಲ 27 ಲೋಕಸಭಾ ಸ್ಥಾನಗಳು 1971ರ ಮಾರ್ಚ್‌ನಲ್ಲಿ ಹಸು-ಕರು ಚಿಹ್ನೆಯ ಕಾಂಗ್ರೆಸ್ ಪಾಲಾದವು. ಬಡತನ ತೊಲಗಿಸುವ ಭರವಸೆಯನ್ನು ನಂಬಿ ಜನ ಮತಪತ್ರಕ್ಕೆ ಮುದ್ರೆ ಒತ್ತಿದ್ದರು. ನಾಲ್ಕು ವರ್ಷ ಮೂರು ತಿಂಗಳ ನಂತರ, ಅದೇ ಗೆಲುವಿನಿಂದ ರಚನೆಯಾದ ಸರ್ಕಾರ ದೇಶದ ಮೇಲೆ ತುರ್ತು ಪರಿಸ್ಥಿತಿಯನ್ನು ಹೇರಿತು. ಇಂದಿರಾ ಗಾಂಧಿ ಅವರ ರಾಜಕೀಯ ಜೀವನವು ಮತ ಎಣಿಕೆಯ ಕ್ರಮವೊಂದು ಅಧಿಕಾರವನ್ನು ಹೇಗೆ ಹಿಗ್ಗಿಸಬಲ್ಲದು ಎಂಬುದಕ್ಕೆ ನಿದರ್ಶನವಾಗಿದೆ.

1917ರ ನವೆಂಬರ್ 19ರಂದು ಅಲಹಾಬಾದಿನಲ್ಲಿ ಜನಿಸಿದ ಇಂದಿರಾ, 1959ರಲ್ಲಿ ಕಾಂಗ್ರೆಸ್ ಅಧ್ಯಕ್ಷೆಯಾದರು. ಲಾಲ್ ಬಹಾದ್ದೂರ್ ಶಾಸ್ತ್ರಿ ಅವರ ನಿಧನಾನಂತರ, 1966ರ ಜನವರಿ 24ರಂದು ಪ್ರಧಾನಿಯಾಗಿ ಅಧಿಕಾರ ಸ್ವೀಕರಿಸಿದರು. ಸಂಸದೀಯ ಪಕ್ಷದ ಆಯ್ಕೆಯಲ್ಲಿ ಮೊರಾರ್ಜಿ ದೇಸಾಯಿ ಅವರನ್ನು 355-169 ಮತಗಳಿಂದ ಸೋಲಿಸಿದ್ದರು. ಅವರನ್ನು ಬೆಂಬಲಿಸಿದ ಹಿರಿಯ ನಾಯಕರು, ತಮ್ಮ ಮಾತು ಮೀರದ ಪ್ರಧಾನಿ ದೊರೆತರೆಂದೇ ಭಾವಿಸಿದ್ದರು.

ಆ ಲೆಕ್ಕಾಚಾರ ತಲೆಕೆಳಗಾಗಲು ಹೆಚ್ಚು ಕಾಲ ಬೇಕಾಗಲಿಲ್ಲ. 1969ರ ಜುಲೈನಲ್ಲಿ ಬೆಂಗಳೂರಿನ ಲಾಲ್‌ಬಾಗ್ ಗಾಜಿನ ಮನೆಯಲ್ಲಿ ನಡೆದ ಅಧಿವೇಶನದಲ್ಲಿ ಪಕ್ಷದ ಬಿರುಕು ಬಯಲಾಯಿತು. ಅದೇ ತಿಂಗಳು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ನವೆಂಬರ್ 12ರಂದು ಪಕ್ಷದ ಅಧ್ಯಕ್ಷ, ಕನ್ನಡಿಗ ಎಸ್. ನಿಜಲಿಂಗಪ್ಪನವರು ಪ್ರಧಾನಿಯನ್ನೇ ಪಕ್ಷದಿಂದ ಉಚ್ಚಾಟಿಸಿದರು. ಕಾಂಗ್ರೆಸ್ ಇಬ್ಭಾಗವಾಗಿ, ಇಂದಿರಾ ಸರ್ಕಾರ ಬಹುಮತ ಕಳೆದುಕೊಂಡು ಇತರರ ಬೆಂಬಲದಲ್ಲಿ ಉಳಿಯಿತು. 1970ರ ಡಿಸೆಂಬರ್‌ನಲ್ಲಿ ಲೋಕಸಭೆಯನ್ನು ವಿಸರ್ಜಿಸಿದ ಅವರು, ಅವಧಿಗೆ ಒಂದು ವರ್ಷ ಮೊದಲೇ ಜನರ ಮುಂದೆ ಹೋದರು.

ಫಲಿತಾಂಶ ಎದುರಾಳಿಗಳನ್ನು ದಿಗ್ಭ್ರಮೆಗೊಳಿಸಿತು. ಇಂದಿರಾ ಕಾಂಗ್ರೆಸ್ಸಿಗೆ 518 ಸ್ಥಾನಗಳಲ್ಲಿ 352 ದೊರೆತವು. ಆದರೆ ದೇಶದಲ್ಲಿ ಅದು ಪಡೆದ ಮತ ಶೇ 43.7 ಮಾತ್ರ. ಪ್ರತಿ ಕ್ಷೇತ್ರದಲ್ಲೂ ಉಳಿದವರಿಗಿಂತ ಒಂದು ಮತ ಹೆಚ್ಚು ಪಡೆದವರೇ ವಿಜಯಿ ಎಂಬ ಪದ್ಧತಿಯಲ್ಲಿ, ಹಂಚಿಹೋದ ವಿರೋಧ ಮತಗಳು ಲೆಕ್ಕಕ್ಕೆ ಬರುವುದಿಲ್ಲ. ಅರ್ಧಕ್ಕಿಂತ ಕಡಿಮೆ ಮತ, ಸಂವಿಧಾನ ತಿದ್ದುಪಡಿಗೆ ಲೋಕಸಭೆಯಲ್ಲಿ ಬೇಕಾದ ಮೂರನೇ ಎರಡರಷ್ಟು ಬಹುಮತವಾಗಿ ಮಾರ್ಪಟ್ಟಿತು. ಮೈಸೂರು ರಾಜ್ಯದಲ್ಲಿ ಪಕ್ಷಕ್ಕೆ ಶೇ 70ರಷ್ಟು ಮತ ಬಂದಿತ್ತು; ಉಳಿದ ಸುಮಾರು ಶೇ 30 ಮತದಾರರಿಗೆ ಒಬ್ಬ ಸಂಸದನೂ ಇರಲಿಲ್ಲ.

ಈ ಅಂಕಿಯನ್ನು ಜರ್ಮನಿಯ ಇತಿಹಾಸದೊಂದಿಗೆ ಹೋಲಿಸುವುದು ಉಪಯುಕ್ತ. 1933ರ ಮಾರ್ಚ್ ಚುನಾವಣೆಯಲ್ಲಿ ಹಿಟ್ಲರನ ಪಕ್ಷ ಪಡೆದದ್ದು ಶೇ 43.9 ಮತ. ಅಲ್ಲಿದ್ದುದು ಮತಕ್ಕೆ ತಕ್ಕಷ್ಟು ಸ್ಥಾನ ನೀಡುವ ಪದ್ಧತಿ. ಹೀಗಾಗಿ 647ರಲ್ಲಿ 288 ಸ್ಥಾನ ಬಂದು ಸ್ವಂತ ಬಹುಮತವೂ ದಕ್ಕಲಿಲ್ಲ. ಮೂರನೇ ಎರಡರಷ್ಟು ಬೆಂಬಲ ಪಡೆಯಲು ಆತ ಕಮ್ಯುನಿಸ್ಟ್ ಸದಸ್ಯರನ್ನು ಸೆರೆಗೆ ತಳ್ಳಿ, ಉಳಿದವರನ್ನು ಬೆದರಿಸಬೇಕಾಯಿತು. ಇಂದಿರಾ ಹಿಟ್ಲರ್ ಆಗಿರಲಿಲ್ಲ. ಆದರೆ ಲೋಕಸಭೆಯಲ್ಲಿ ಅಂಥ ಬಹುಮತ ಅವರಿಗೆ ನ್ಯಾಯಬದ್ಧ ಎಣಿಕೆಯಿಂದಲೇ ಲಭಿಸಿತ್ತು. ಯಾವ ಪದ್ಧತಿಯೂ ತಾನಾಗಿಯೇ ಸರ್ವಾಧಿಕಾರಿಯನ್ನು ಸೃಷ್ಟಿಸುವುದಿಲ್ಲ, ತಾನಾಗಿಯೇ ತಡೆಯುವುದೂ ಇಲ್ಲ.

ಬಹುಮತದೊಳಗಿನ ಪ್ರಶ್ನಿಸುವ ದನಿಯೂ ಕ್ರಮೇಣ ಅಡಗಿತು. ಟಿಕೆಟ್ ಹಂಚಿಕೆ ಪ್ರಧಾನಿಯ ಕೈ ಸೇರಿತು. 1972ರ ನಂತರ ಅವರು ಬದುಕಿರುವವರೆಗೂ ಪಕ್ಷದಲ್ಲಿ ಆಂತರಿಕ ಚುನಾವಣೆ ನಡೆಯಲಿಲ್ಲ. 1973ರ ಏಪ್ರಿಲ್‌ನಲ್ಲಿ, ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಬದಲಿಸಲಾಗದೆಂದು ಸುಪ್ರೀಂ ಕೋರ್ಟ್ ತೀರ್ಪಿತ್ತ ಬೆನ್ನಲ್ಲೇ, ಮೂವರು ಹಿರಿಯ ನ್ಯಾಯಮೂರ್ತಿಗಳನ್ನು ಕಡೆಗಣಿಸಿ ಎ.ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿಯಾಗಿ ನೇಮಿಸಲಾಯಿತು. ಕಡೆಗಣಿಸಲ್ಪಟ್ಟವರಲ್ಲಿ ಕನ್ನಡಿಗ ಕೆ.ಎಸ್. ಹೆಗ್ಡೆ ಒಬ್ಬರು. ಅವರು ರಾಜೀನಾಮೆ ನೀಡಿ ಹೊರಬಂದರು.

1975ರ ಜೂನ್ 12ರಂದು ಅಲಹಾಬಾದ್ ಹೈಕೋರ್ಟ್, ಚುನಾವಣಾ ಅಕ್ರಮದ ಕಾರಣಕ್ಕೆ ರಾಯ್‌ಬರೇಲಿಯಿಂದ ಇಂದಿರಾ ಅವರ ಆಯ್ಕೆಯನ್ನು ಅಸಿಂಧುಗೊಳಿಸಿತು. 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಆಗಸ್ಟ್‌ನಲ್ಲಿ, ಪ್ರಧಾನಿಯ ಚುನಾವಣೆಯನ್ನು ನ್ಯಾಯಾಲಯಗಳ ವ್ಯಾಪ್ತಿಯಿಂದ ಹೊರಗಿಡುವ 39ನೇ ತಿದ್ದುಪಡಿ ಕೆಲವೇ ದಿನಗಳಲ್ಲಿ ಅಂಗೀಕಾರ ಪಡೆಯಿತು. 1976ರ 42ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಐದರಿಂದ ಆರು ವರ್ಷಕ್ಕೆ ಏರಿಸಿತು. ಅಷ್ಟರಲ್ಲಿ ವಿರೋಧ ಪಕ್ಷದ ಅನೇಕರು ಸೆರೆಯಲ್ಲಿದ್ದರು. ವಾಜಪೇಯಿ, ಅಡ್ವಾಣಿ, ಮಧು ದಂಡವತೆ ಬೆಂಗಳೂರಿನಲ್ಲೇ ಬಂಧಿತರಾದರು. ಬೆಂಗಳೂರು ಕಾರಾಗೃಹದಲ್ಲಿ ಬಳಲಿದ ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿ, ಬಿಡುಗಡೆಯಾದ ಕೆಲವೇ ದಿನಗಳಲ್ಲಿ, 1977ರ ಜನವರಿಯಲ್ಲಿ ನಿಧನರಾದರು. ಶಾ ಆಯೋಗದ ಪ್ರಕಾರ ಬಂಧಿತರ ಸಂಖ್ಯೆ ಒಂದು ಲಕ್ಷ ಮೀರಿತ್ತು.

ಆದರೂ 1977ರಲ್ಲಿ ಇಂದಿರಾ ಚುನಾವಣೆ ಘೋಷಿಸಿದರು, ಸೋತರು, ಅಧಿಕಾರ ಬಿಟ್ಟುಕೊಟ್ಟರು. ಈ ಬಾರಿ ವಿರೋಧಿಗಳು ಒಂದಾಗಿದ್ದರಿಂದ ಅದೇ ಪದ್ಧತಿ ಅವರಿಗೆ ತಿರುಗುಬಾಣವಾಯಿತು. ಉತ್ತರ ಪ್ರದೇಶದಲ್ಲಿ ಕಾಲುಭಾಗದಷ್ಟು ಮತ ಪಡೆದರೂ ಕಾಂಗ್ರೆಸ್ಸಿಗೆ 85ರಲ್ಲಿ ಒಂದು ಸ್ಥಾನವೂ ಬರಲಿಲ್ಲ. ಕರ್ನಾಟಕ ಮಾತ್ರ 28ರಲ್ಲಿ 26 ಸ್ಥಾನ ನೀಡಿ ಕೈಹಿಡಿಯಿತು. ಜನತಾ ಪಕ್ಷಕ್ಕೆ ದಕ್ಕಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. ಅಲ್ಲಿ ಗೆದ್ದ ಕೆ.ಎಸ್. ಹೆಗ್ಡೆ ಅದೇ ವರ್ಷ ಲೋಕಸಭೆಯ ಸ್ಪೀಕರ್ ಆದರು. 1978ರ ಚಿಕ್ಕಮಗಳೂರು ಉಪಚುನಾವಣೆಯಲ್ಲಿ ವೀರೇಂದ್ರ ಪಾಟೀಲರನ್ನು ಸೋಲಿಸಿ ಇಂದಿರಾ ಸಂಸತ್ತಿಗೆ ಮರಳಿದರು. 1980ರಲ್ಲಿ ಶೇ 42.7 ಮತ, 353 ಸ್ಥಾನಗಳೊಂದಿಗೆ ಮತ್ತೆ ಪ್ರಧಾನಿಯಾದರು. 1984ರ ಅಕ್ಟೋಬರ್ 31ರಂದು ಹತ್ಯೆಗೀಡಾದರು.

1978ರ 44ನೇ ತಿದ್ದುಪಡಿ ಲೋಕಸಭೆಯ ಅವಧಿಯನ್ನು ಮರಳಿ ಐದು ವರ್ಷಕ್ಕಿಳಿಸಿತು. ಆಂತರಿಕ ಕ್ಷೋಭೆಯ ನೆಪದಲ್ಲಿ ತುರ್ತು ಪರಿಸ್ಥಿತಿ ಹೇರುವ ಬಾಗಿಲನ್ನು ಮುಚ್ಚಿತು. ಎಣಿಕೆಯ ಪದ್ಧತಿ ಮಾತ್ರ ಬದಲಾಗಿಲ್ಲ. ಲೋಕಸಭೆ ಚುನಾವಣೆಯಲ್ಲಿ ಈವರೆಗೆ ಯಾವ ಪಕ್ಷವೂ ಏಕಾಂಗಿಯಾಗಿ ದೇಶದ ಅರ್ಧದಷ್ಟು ಮತ ಗಳಿಸಿಲ್ಲ. ಕೌದಳ್ಳಿಯ ಮತಗಟ್ಟೆಯಲ್ಲಿ ಬೀಳುವ ಮತ ಒಬ್ಬ ಅಭ್ಯರ್ಥಿಯನ್ನು ಆರಿಸುತ್ತದೆ. ಆ ಮತದ ಬಲದ ಮೇಲೆ ಅಧಿಕಾರಕ್ಕೆ ಬಂದವರನ್ನು ಅಂಕೆಯಲ್ಲಿಡುವ ಕೆಲಸ ನ್ಯಾಯಾಲಯ, ಪತ್ರಿಕೆ ಮತ್ತು ಪ್ರಶ್ನಿಸುವ ಸಂಸದರದ್ದು. 1975ರಲ್ಲಿ ಕುಸಿದದ್ದು ಆ ಕಾವಲೇ.